ಕೆಲ್ಲಿಯ ಮೂರು ಪ್ರಶ್ನೆಗಳು: 'ವೈಶಿಷ್ಟ್ಯ' ಅನ್ನುವ ಪದ ನನ್ನ ದಾರಿ ತಪ್ಪಿಸಿದ್ದು ಹೀಗೆ

ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಇಂಗ್ಲಿಷಿನಲ್ಲಿ ಮನಃಶಾಸ್ತ್ರ ಓದುತ್ತಿರುವ ನಮ್ಮ ಕಾಸರಗೋಡು ಕಡೆಯವರಿಗೆ ಈ ಟಿಪ್ಪಣಿ. ಯಾರೋ ಏನೋ ಮಾಡಿದರೆ ಅದರ ಕಾರಣವನ್ನು ನಾವು ಹೇಗೆ ತೀರ್ಮಾನಿಸುತ್ತೇವೆ ಅನ್ನುವುದರ ಬಗ್ಗೆ ಕೆಲ್ಲಿ ಅನ್ನುವ ಮನಃಶಾಸ್ತ್ರಜ್ಞರದ್ದು ಒಂದು ಕೋಷ್ಟಕ ಇದೆ. ಒಂದು ವಾರ ಅದೊಂದನ್ನೇ ಹಿಡಿದು ಕೂತಿದ್ದೆ. ನಿನ್ನೆ ರಾತ್ರಿ ತಲೆಗೆ ಹೋಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲ ಅಭಿಪ್ರಾಯ

ಇದು ಸುಲಭ. 1946ರಲ್ಲಿ ಸೋಲೊಮನ್ ಆಶ್ ಒಬ್ಬ ವ್ಯಕ್ತಿಯ ಗುಣಗಳ ಪಟ್ಟಿಯನ್ನು ಎರಡು ಗುಂಪಿಗೆ ಓದಿ ಹೇಳಿದರು. ಜಾಣ, ಶ್ರಮಜೀವಿ, ಹೀಗೆ ಎಲ್ಲ ಒಂದೇ. ಒಂದು ಪದ ಮಾತ್ರ ಬೇರೆ: ಒಂದು ಗುಂಪಿಗೆ 'ವಾರ್ಮ್', ಇನ್ನೊಂದಕ್ಕೆ 'ಕೋಲ್ಡ್'. ಅಷ್ಟಕ್ಕೇ ಇಡೀ ಚಿತ್ರ ಬದಲಾಯಿತು. (ಬಿಸಿ, ತಣ್ಣಗೆ ಅಂತ ಬರೆಯಬೇಡಿ. ನಮ್ಮಲ್ಲಿ ಬಿಸಿ ಅಂದರೆ ಸಿಟ್ಟು, ತಣ್ಣಗಿರುವವರು ಒಳ್ಳೆಯವರು. 'ಆತ್ಮೀಯ', 'ಬಿಗುಮಾನ' ಅಂತ ಇಟ್ಟುಕೊಳ್ಳಿ.)

1950ರಲ್ಲಿ ಹೆರಾಲ್ಡ್ ಕೆಲ್ಲಿ ಇದನ್ನೇ ನಿಜವಾದ ತರಗತಿಯಲ್ಲಿ ಮಾಡಿದರು. ಹೊಸ ಉಪನ್ಯಾಸಕರು ಬರುವ ಮೊದಲೇ ಅವರ ಪರಿಚಯದ ಚೀಟಿ ಹಂಚಿದರು. ಆತ್ಮೀಯರು ಅಂತ ಓದಿದವರಲ್ಲಿ ಶೇ. 56 ಮಂದಿ ಚರ್ಚೆಯಲ್ಲಿ ಬಾಯಿ ಬಿಟ್ಟರು. ಬಿಗುಮಾನದವರು ಅಂತ ಓದಿದವರಲ್ಲಿ ಶೇ. 32 ಮಂದಿ ಮಾತ್ರ. ಮೇಷ್ಟ್ರು ಒಬ್ಬರೇ, ಪಾಠವೂ ಒಂದೇ.

ಕಾರಣ ಹುಡುಕುವುದು

ಯಾರೋ ಏನೋ ಮಾಡಿದರೆ 'ಯಾಕೆ?' ಅಂತ ಕೇಳಿಕೊಳ್ಳುತ್ತೇವಲ್ವಾ, ಅದೇ ಅಟ್ರಿಬ್ಯೂಷನ್. ಕಾರಣ ಅವರ ಒಳಗೆ ಇದೆಯೋ, ಹೊರಗೆ ಇದೆಯೋ ಅನ್ನುವ ವಿಂಗಡಣೆ ಫ್ರಿಟ್ಸ್ ಹೈಡರ್ ಅವರದು, 1958. ಅದನ್ನು ತೀರ್ಮಾನಿಸುವುದು ಹೇಗೆ ಅನ್ನುವುದಕ್ಕೆ 1967ರಲ್ಲಿ ಕೆಲ್ಲಿ ಮೂರು ಅಳತೆ ಕೊಟ್ಟರು: ಕನ್ಸೆನ್ಸಸ್, ಡಿಸ್ಟಿಂಕ್ಟಿವ್‌ನೆಸ್, ಕನ್ಸಿಸ್ಟೆನ್ಸಿ.

ನಾನು ಬಿದ್ದದ್ದು ನಡುವಿನದರಲ್ಲಿ. ನಿಘಂಟಿನಲ್ಲಿ 'ವೈಶಿಷ್ಟ್ಯ' ಅಂತ ಇತ್ತು. ವೈಶಿಷ್ಟ್ಯ ಜಾಸ್ತಿ ಅಂದರೆ ಆ ಮನುಷ್ಯನಲ್ಲಿ ಏನೋ ವಿಶೇಷ ಇದೆ, ಹಾಗಾದರೆ ಕಾರಣ ಒಳಗಿನದು ಅಂದುಕೊಂಡೆ. ಪೂರ್ತಿ ಉಲ್ಟಾ!

ಉದಾಹರಣೆ ನೋಡಿ. ನನ್ನ ತಮ್ಮ ಮೊನ್ನೆ ಯಕ್ಷಗಾನದ ಆಟ ನೋಡಲು ಬಂದು, ಚೆಂಡೆಯ ಪಕ್ಕದಲ್ಲೇ ಕುರ್ಚಿಯಲ್ಲಿ ಕತ್ತು ವಾಲಿಸಿ ನಿದ್ದೆ ಹೋದ. ಯಾಕೆ? ಡಿಸ್ಟಿಂಕ್ಟಿವ್‌ನೆಸ್ ಕೇಳುವುದು ಇಷ್ಟೇ: ಅವನು ಈ ಮೇಳದ ಆಟಕ್ಕೆ ಮಾತ್ರ ನಿದ್ದೆ ಮಾಡುತ್ತಾನಾ, ಎಲ್ಲ ಮೇಳದ ಆಟಕ್ಕೂ ಮಾಡುತ್ತಾನಾ? ಎಲ್ಲ ಆಟಕ್ಕೂ ನಿದ್ದೆ ಮಾಡುವವನನ್ನು ನೋಡಿ 'ಎಂಥ ವಿಶೇಷ ಮನುಷ್ಯ' ಅನಿಸಿ ನಾನು 'ಹೆಚ್ಚು' ಅಂತ ಬರೆಯುತ್ತಿದ್ದೆ. ಅದು 'ಕಡಿಮೆ'. ಯಾಕೆಂದರೆ ಅಳೆಯುತ್ತಿರುವುದು ತಮ್ಮನನ್ನಲ್ಲ. ಅವನ ಕಣ್ಣಿಗೆ ಈ ಆಟ ಉಳಿದ ಆಟಗಳಿಂದ ಬೇರೆಯಾಗಿ ನಿಂತಿತಾ ಅನ್ನುವುದನ್ನು. ಎಲ್ಲ ಆಟವೂ ಅವನಿಗೆ ಒಂದೇ ಅಂದರೆ ಈ ಆಟದ ತಪ್ಪಿಲ್ಲ. ಕಾರಣ ತಮ್ಮನಲ್ಲೇ ಇದೆ.

ಆಮೇಲೆ ನಾನು 'ವೈಶಿಷ್ಟ್ಯ' ಪದವನ್ನೇ ಬಿಟ್ಟೆ. ಪುಸ್ತಕದ ಅಂಚಿನಲ್ಲಿ ಮೂರು ಅಳತೆಗೂ ಅದೇ ಕ್ರಮದಲ್ಲಿ ಪೆನ್ಸಿಲಿನಲ್ಲಿ ಹೀಗೆ ಬರೆದೆ:

ಎಲ್ಲರೂನಾ? (ಉಳಿದವರೂ ನಿದ್ದೆ ಮಾಡಿದರಾ)
ಇಲ್ಲಿ ಮಾತ್ರಾನಾ? (ಈ ಮೇಳಕ್ಕೆ ಮಾತ್ರಾನಾ)
ಯಾವಾಗಲೂನಾ? (ಈ ಮೇಳದ ಆಟ ಯಾವಾಗ ನೋಡಿದರೂ ಹೀಗೇನಾ)

ಹೌದು-ಹೌದು-ಹೌದು ಬಂದರೆ ಕಾರಣ ಆಟದಲ್ಲಿ. ಇಲ್ಲ-ಇಲ್ಲ-ಹೌದು ಬಂದರೆ ತಮ್ಮನಲ್ಲಿ. ಮೂರನೆಯದಕ್ಕೆ 'ಇಲ್ಲ' ಬಂದರೆ ಆ ದಿನದ ಸಂದರ್ಭದಲ್ಲಿ. ಹಿಂದಿನ ರಾತ್ರಿ ನಿದ್ದೆಗೆಟ್ಟಿರಬಹುದು. ಕೋಷ್ಟಕ ಬಾಯಿಪಾಠ ಮಾಡಬೇಡಿ. ಈ ಮೂರು ಸಾಲು ಸಾಕು.

ನಾವು ಈ ಪ್ರಶ್ನೆ ಕೇಳುವುದೇ ಇಲ್ಲ

ಜೂನಿನಲ್ಲಿ ಜೋರು ಮಳೆ. ಕಾಸರಗೋಡಿನಿಂದ ಮನೆಗೆ ಹೊರಟ ಬಸ್ಸಿನಲ್ಲಿ 'ಒಂದು ಪೆರ್ಲ' ಅಂತ ನೂರರ ನೋಟು ಕೊಟ್ಟೆ. ಕಂಡಕ್ಟರ್ 'ಚಿಲ್ಲರ ಇಲ್ಲೇ?' (ಚಿಲ್ಲರೆ ಇಲ್ವಾ?) ಅಂತ ಮಲಯಾಳದಲ್ಲಿ ಗದರಿದರು. ಕನ್ನಡ ಕೇಳಿದ್ದಕ್ಕೇ ಹೀಗೆ, ಸೊಕ್ಕಿನ ಮನುಷ್ಯ ಅಂತ ಅಲ್ಲೇ ತೀರ್ಮಾನ ಮಾಡಿದೆ. ಹಿಂದಿನ ಸೀಟಿನ ಮಲಯಾಳದ ಅಜ್ಜನಿಗೂ ಅದೇ ಗದರಿಕೆ ಬಿದ್ದಿತ್ತು. ನನ್ನ ಕಿವಿಗೆ ಬಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಂದರೆ 'ಇಲ್ಲಿ ಮಾತ್ರಾನಾ' ಅನ್ನುವುದಕ್ಕೆ ಉತ್ತರ 'ಇಲ್ಲ' ಅಂತ ಕಣ್ಣೆದುರೇ ಇತ್ತು, ಕಾರಣ ನನ್ನ ಕನ್ನಡ ಅಲ್ಲ. ಹಾಗಂತ ಸೊಕ್ಕು ಅಂತಲೂ ಹೇಳುವ ಹಾಗಿಲ್ಲ. ಅವರು ಯಾವಾಗಲೂ ಹೀಗೇನಾ, ಆ ದಿನ ಮಾತ್ರಾನಾ ಅಂತ ನಾನು ಕೇಳಿಕೊಳ್ಳಲೇ ಇಲ್ಲ. ಸಂದರ್ಭವನ್ನು ಬಿಟ್ಟು ನೇರವಾಗಿ ಗುಣಕ್ಕೆ ಹೋಗುವ ಈ ಚಾಳಿಗೆ 1977ರಲ್ಲಿ ಲೀ ರಾಸ್ 'ಫಂಡಮೆಂಟಲ್ ಅಟ್ರಿಬ್ಯೂಷನ್ ಎರರ್' ಅಂತ ಹೆಸರಿಟ್ಟರು.

ಮರುದಿನದಿಂದ ನಾನು ಮುಖ ಕಿಟಕಿಯ ಕಡೆಗೆ ತಿರುಗಿಸಿ ಸುಮ್ನೆ ದುಡ್ಡು ಚಾಚುತ್ತಿದ್ದೆ. ಅವರೂ ಮಾತಾಡದೆ ಟಿಕೆಟ್ ಹರಿದು ಕೊಡುತ್ತಿದ್ದರು. ನೋಡಿ, ಬಿಗುಮಾನವೇ ಅಂತ ನನಗೆ ಇನ್ನೂ ಖಾತ್ರಿಯಾಯಿತು. ಸ್ನೈಡರ್, ಟ್ಯಾಂಕೆ, ಬರ್ಶೈಡ್ ಅವರ 1977ರ ಫೋನ್ ಪ್ರಯೋಗ ಓದಿದಾಗ ಈ ಕಿಟಕಿ ನೆನಪಾಯಿತು. ಫೋನಿನಲ್ಲಿ ಮಾತಾಡುವ ಮೊದಲು ಗಂಡಸರಿಗೆ ಒಂದು ಫೋಟೊ ಕೊಟ್ಟರು. ಅದು ಆ ಕಡೆಯ ಹೆಂಗಸಿನದ್ದಾಗಿರಲಿಲ್ಲ. ಚಂದದ ಮುಖ ನೋಡಿದವರು ಹಿತವಾಗಿ ಮಾತಾಡಿದರು. ಆ ಕಡೆಯವರಿಗೆ ಫೋಟೊ ವಿಷಯ ಗೊತ್ತೇ ಇಲ್ಲ, ಆದರೂ ಅವರ ಮಾತೂ ಹಿತವಾಯಿತು. ನಾವು ಅಂದುಕೊಂಡದ್ದನ್ನು ಎದುರಿನವರಿಂದ ನಾವೇ ಮಾಡಿಸಿಕೊಳ್ಳುತ್ತೇವೆ.

ಕೊನೆಗೆ ಪರೀಕ್ಷೆಯ ಉತ್ತರದಲ್ಲಿ ಬಿಡಬಾರದ ಒಂದು ಅಂಶ. ಸಂದರ್ಭ ಬಿಟ್ಟು ಗುಣಕ್ಕೆ ಹೋಗುವ ಈ ದೋಷ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಇಲ್ಲ. ಜೋನ್ ಮಿಲ್ಲರ್ 1984ರಲ್ಲಿ ಶಿಕಾಗೋದವರನ್ನೂ ನಮ್ಮ ಮೈಸೂರಿನವರನ್ನೂ ಹೋಲಿಸಿದರು. ಅಮೆರಿಕದ ದೊಡ್ಡವರು ಜಾಸ್ತಿ ಗುಣ ಹೇಳಿದರು, ಮೈಸೂರಿನ ದೊಡ್ಡವರು ಜಾಸ್ತಿ ಸಂದರ್ಭ ಹೇಳಿದರು. ಸಣ್ಣ ಮಕ್ಕಳಲ್ಲಿ ಈ ವ್ಯತ್ಯಾಸ ಅಷ್ಟು ಕಾಣಲಿಲ್ಲ, ವಯಸ್ಸಾದಂತೆ ಬೆಳೆಯಿತು. ಬಸ್ಸಿನ ಸಂಗತಿ ಅವತ್ತೇ ಮನೆಯಲ್ಲಿ ಹೇಳಿದ್ದೆ. ಅಡಿಕೆ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತದೆ ಅಂದಿದ್ದರು: "ಈ ಮಳೆಗೆ ಬಸ್ಸಿನಲ್ಲಿ ಜನ ಎಷ್ಟಿತ್ತೋ. ಎಲ್ಲರೂ ನೂರರ ನೋಟು ಕೊಟ್ಟರೆ ಅವನಾದರೂ ಎಂತ ಮಾಡುವುದು ಮಗಾ?"