ಮೆಮೊರಿ ಜಾಸ್ತಿ ಬೇಕೇ? ದುಡ್ಡು ಜಾಸ್ತಿ ಇಡಿ

ಮ್ಯಾಕ್‌ಬುಕ್ ಕೊಳ್ಳುವಾಗ 8 ಜಿಬಿ ಮೆಮೊರಿ (ರ‍್ಯಾಮ್) ಜಾಸ್ತಿ ಬೇಕೆಂದರೆ ಆಪಲ್ ವರ್ಷಗಟ್ಟಲೆ ಕೇಳಿದ್ದು 20,000 ರೂಪಾಯಿ. ಅಮೆರಿಕದಲ್ಲಿ 200 ಡಾಲರ್. ಬೇರೆ ಲ್ಯಾಪ್‌ಟಾಪ್‌ಗೆ ಹಾಕುವ 8 ಜಿಬಿ ರ‍್ಯಾಮ್ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುತ್ತಿದ್ದಾಗಲೂ ಇದೇ ದರ.

ಈ ಲೆಕ್ಕಾಚಾರ ಹಳೆಯದು. 1984ರ ಜನವರಿಯಲ್ಲಿ ಬಂದ ಮೊದಲ ಮ್ಯಾಕಿಂಟಾಷ್‌ನಲ್ಲಿ ಇದ್ದದ್ದು 128 ಕೆಬಿ. ಕೊಂಡವರು ಯಂತ್ರ ಬಿಚ್ಚುವುದು ಸ್ಟೀವ್ ಜಾಬ್ಸ್‌ಗೆ ಬೇಕಿರಲಿಲ್ಲ, ಹಾಗಾಗಿ ಮೆಮೊರಿ ಸೇರಿಸಲು ಸ್ಲಾಟ್ ಇಲ್ಲ. ಆದರೆ ಬೋರ್ಡ್ ವಿನ್ಯಾಸ ಮಾಡಿದ ಬರೆಲ್ ಸ್ಮಿತ್, ಮುಂದೆ ದೊಡ್ಡ ಚಿಪ್ ಕೂರಿಸಲು ಬೇಕಾದ ದಾರಿಯನ್ನು ಅದರಲ್ಲೇ ಬಿಟ್ಟಿದ್ದರು. ಸೆಪ್ಟೆಂಬರ್‌ನಲ್ಲಿ 512 ಕೆಬಿ ಮಾದರಿ ಬಂತು. ಹಳೆಯದನ್ನು ಆ ಮಟ್ಟಕ್ಕೆ ಏರಿಸಲು ಆಪಲ್ ಹೇಳಿದ ಬೆಲೆ 995 ಡಾಲರ್! ಬೆಸುಗೆ ಹಾಕಲು ಬರುವವರು ಸುಮ್ನೆ ಇರುತ್ತಾರಾ? 16 ಚಿಪ್ ಕಿತ್ತು ದೊಡ್ಡವನ್ನು ತಾವೇ ಕೂರಿಸಿಕೊಂಡರು.

1986ರ ಮ್ಯಾಕ್ ಪ್ಲಸ್‌ಗೆ ಸ್ಲಾಟ್ ಬಂತು. ಕಂಪನಿಯಿಂದ ಕಡಿಮೆ ಮೆಮೊರಿಯ ಯಂತ್ರ ಕೊಂಡು, ಉಳಿದದ್ದನ್ನು ಹೊರಗೆ ಹಾಕಿಸುವುದು ರೂಢಿಯಾಯಿತು. ಆ ದಾರಿ ಮುಚ್ಚಿದ್ದು ನಿಧಾನವಾಗಿ: 2008ರ ಮ್ಯಾಕ್‌ಬುಕ್ ಏರ್‌ನಲ್ಲಿ, 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋನಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದರು. 2020ರ ಆಪಲ್‌ನದೇ ಎಂ1 ಚಿಪ್‌ನಲ್ಲಿ ಅದು ಪ್ರೊಸೆಸರ್ ಪಕ್ಕಕ್ಕೇ ಬಂತು.

ಇದರಿಂದ ವೇಗ ಹೆಚ್ಚುತ್ತದೆ, ಬ್ಯಾಟರಿ ಉಳಿಯುತ್ತದೆ. ನಿಜ. ಆದರೆ ದರಕ್ಕೆ ಅದು ಉತ್ತರವಲ್ಲ. 2019ರ ಮ್ಯಾಕ್ ಪ್ರೋನಲ್ಲಿ ಸ್ಲಾಟ್ ಇತ್ತು, ಆಗಲೂ 1.5 ಟಿಬಿ ಮೆಮೊರಿಗೆ ಆಪಲ್ 25,000 ಡಾಲರ್ ಕೇಳಿತ್ತು.

ಅಸಲಿ ಕಾರಣ ಜಾಹೀರಾತಿನ ಬೆಲೆ. ಅದು ಕಡಿಮೆ ಕಾಣಬೇಕು, ಲಾಭ ಮೇಲಿನ ಮಾದರಿಗಳಿಂದ ಬರಬೇಕು. ಛತ್ರದ ಬಾಡಿಗೆ ಕಡಿಮೆ, ಅಡುಗೆಯವರು ಮಾತ್ರ ಅವರ ಕಡೆಯವರೇ ಆಗಬೇಕು ಅಂದ ಹಾಗೆ. ಜಾಸ್ತಿ ಮೆಮೊರಿ ಬೇಕಾದವರು ಹೆಚ್ಚಾಗಿ ಅದರಲ್ಲೇ ದುಡಿಯುವವರು: ವಿಡಿಯೊ ಎಡಿಟರ್‌ಗಳು, ಸಾಫ್ಟ್‌ವೇರ್ ಕಂಪನಿಗಳು. ಬೈದುಕೊಂಡೇ ಕೊಡುತ್ತಾರೆ. ಆಮೇಲೆ ಹಾಕಿಸಲು ಆಗುವುದಿಲ್ಲ ಎಂಬ ಭಯಕ್ಕೆ ಉಳಿದವರೂ ಒಂದು ಮೆಟ್ಟಿಲು ಮೇಲಿನದನ್ನೇ ಕೊಳ್ಳುತ್ತಾರೆ. ಬೇರೆ ಲ್ಯಾಪ್‌ಟಾಪ್ ಕಂಪನಿಗಳೂ ಬೆಸೆಯತೊಡಗಿದ್ದರಲ್ಲಿ ಆಶ್ಚರ್ಯವಿಲ್ಲ ಅಲ್ವಾ?

2024ರ ಅಕ್ಟೋಬರ್‌ನಲ್ಲಿ ಆಪಲ್ ಕನಿಷ್ಠ ಮೆಮೊರಿಯನ್ನು 16 ಜಿಬಿಗೆ ಏರಿಸಿತು. ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್‌ನ ಬೆಲೆ ಮಾತ್ರ 99,900 ರೂಪಾಯಿಯೇ ಉಳಿಯಿತು. ಹಾಗಾದರೆ ಅಷ್ಟು ದಿನ ವಸೂಲಿ ಮಾಡಿದ್ದು ಯಾವ ಖರ್ಚಿಗೆ?

ಈಗ ಹೊರಗಿನ ಪೇಟೆಯೂ ಬಿಸಿಯಾಗಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಗೆ ಬಿಡಿ ರ‍್ಯಾಮ್ ದರ ಜಿಗಿಯಿತು. ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನು ನಿಲ್ಲಿಸುವುದಾಗಿ ಮೆಮೊರಿ ಚಿಪ್ ತಯಾರಿಸುವ ಮೈಕ್ರಾನ್ ಕಂಪನಿ ಡಿಸೆಂಬರ್‌ನಲ್ಲಿ ಹೇಳಿತು.