ಜಾವಾ ತಂತ್ರಾಂಶಕ್ಕೆ ಹಗುರ ಬುತ್ತಿ

ಒಮ್ಮೆ ಬರೆದ ಪ್ರೋಗ್ರಾಮ್ ಯಾವ ಯಂತ್ರದಲ್ಲಾದರೂ ಓಡುತ್ತದೆ ಎಂಬುದು 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಜಾವಾ ಭಾಷೆಯನ್ನು ಹೊರತಂದಾಗ ಕೊಟ್ಟ ಭರವಸೆ. ಅದಕ್ಕೊಂದು ಷರತ್ತೂ ಇತ್ತು. ಜಾವಾದ ಬೈಟ್‌ಕೋಡ್ ಎಂಬ ನಡುರೂಪದ ಕೋಡನ್ನು ಓದಿ ನಡೆಸುವ ಜೆವಿಎಂ ಎಂಬ ತಂತ್ರಾಂಶವು ಆ ಯಂತ್ರದಲ್ಲಿ ಮೊದಲೇ, ಅದೂ ಸರಿಯಾದ ಆವೃತ್ತಿಯದ್ದು, ಇರಬೇಕಿತ್ತು. 2013ರಲ್ಲಿ, ಪ್ರೋಗ್ರಾಮನ್ನು ಕಟ್ಟಿ ಸಾಗಿಸುವ ಡಾಕರ್ ಎಂಬ ಸಾಧನ ಬಂದ ಮೇಲೆ ಈ ಷರತ್ತು ಸಡಿಲವಾಯಿತು. ಪ್ರೋಗ್ರಾಮ್, ಜೆವಿಎಂ, ಬೇಕಾದ ಲೈಬ್ರರಿಗಳು ಎಲ್ಲವನ್ನೂ ಒಂದು ಇಮೇಜ್ ಆಗಿ ಕಟ್ಟಿ ಕಳಿಸಿದರೆ, ಸರ್ವರ್‌ನ ಲಿನಕ್ಸ್ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಅದನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ನಡೆಸುತ್ತದೆ. ದೂರದ ಪ್ರಯಾಣಕ್ಕೆ ಹೊರಟವರು ಬುತ್ತಿ ಕಟ್ಟಿಕೊಂಡಂತೆ ಇದು. ಹೋದ ಊರಿನಲ್ಲಿ ಏನು ಸಿಗುತ್ತದೋ ಎಂಬ ಚಿಂತೆ ಉಳಿಯುವುದಿಲ್ಲ.

ಆದರೆ ಬುತ್ತಿಯ ಜೊತೆಗೆ ಅಡುಗೆಮನೆಯನ್ನೇ ಹೊತ್ತೊಯ್ಯುವ ಅಭ್ಯಾಸ ಈ ರಂಗದಲ್ಲಿ ಬಹಳ ಕಾಲ ನಡೆದುಬಂತು. ಸುಲಭದ ದಾರಿ ಹಿಡಿದವರು ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ಬಗೆಗಳ ಮೇಲೆ ಪೂರ್ಣ ಜೆಡಿಕೆಯನ್ನು (ಜೆವಿಎಂ ಜೊತೆಗೆ ಕಂಪೈಲರ್ ಮುಂತಾದ ಸಾಧನಗಳೂ ಇರುವ ಜಾವಾ ಕಟ್ಟು) ಹೊಂದಿರುವ ಇಮೇಜನ್ನು ಬುನಾದಿಯಾಗಿ ಆರಿಸಿಕೊಂಡು, ಅದರ ಮೇಲೆ ತಮ್ಮ ಪ್ರೋಗ್ರಾಮ್ ಇರುವ ಜಾರ್ ಕಡತವನ್ನು ಇಡುತ್ತಾರೆ. ಹೀಗೆ ಮಾಡಿದಾಗ ಓಡುವ ಹೊತ್ತಿನಲ್ಲಿ ಯಾರಿಗೂ ಬೇಡದ ಜಾವಾ ಕಂಪೈಲರ್, ಪ್ಯಾಕೇಜ್ ಸ್ಥಾಪಿಸುವ ಸಾಧನ, ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಬ್ಯಾಶ್ ಶೆಲ್, ಪರ್ಲ್ ಎಂಬ ಸ್ಕ್ರಿಪ್ಟ್ ಭಾಷೆ ಎಲ್ಲವೂ ಸರ್ವರ್‌ಗೆ ಹೋಗುತ್ತವೆ. ಇಮೇಜಿನ ಗಾತ್ರ ಕೆಲವು ನೂರು ಎಂಬಿ ಆಗುವುದು ಇದರಲ್ಲಿ ಸಣ್ಣ ದೋಷ. ಡಿಸ್ಕ್ ಇಂದು ಅಗ್ಗವಾಗಿದೆ. ದುಬಾರಿಯಾಗುವುದು ಬೇರೆಯೇ ಇದೆ.

2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್‌ಫೋರ್‌ಶೆಲ್ ದೋಷವನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಲಾಗ್‌ಫೋರ್‌ಜೆ ಎಂಬುದು ಪ್ರೋಗ್ರಾಮಿನ ದಿನಚರಿಯನ್ನು ಬರೆದಿಡುವ ಜಾವಾ ಲೈಬ್ರರಿ. ಬರೆಯಬೇಕಾದ ಸಾಲಿನಲ್ಲಿ ಡಾಲರ್ ಚಿಹ್ನೆಯ ಮುಂದೆ, ಪುಷ್ಪಾವರಣದೊಳಗೆ, ಜೆಎನ್‌ಡಿಐ ಎಂದು ಆರಂಭವಾಗುವ ವಿಳಾಸವೊಂದಿದ್ದರೆ ಅದು ಆ ಸಾಲನ್ನು ಬರೆದು ಸುಮ್ಮನಾಗದೆ, ಆ ವಿಳಾಸಕ್ಕೆ ಹೋಗಿ ಅಲ್ಲಿ ಸಿಕ್ಕ ಕೋಡನ್ನು ತಂದು ನಡೆಸುವ ಸಾಧ್ಯತೆಯಿತ್ತು. ಲಾಗಿನ್ ಪುಟದ ಹೆಸರಿನ ಜಾಗದಲ್ಲಿ ಆ ಒಂದು ಸಾಲನ್ನು ಟೈಪ್ ಮಾಡಿದರೂ ಸಾಕಾಗಬಹುದಿತ್ತು. ತೀವ್ರತೆಯಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ಅಂಕ ಕೊಡಲಾಯಿತು. ಇಮೇಜ್ ಎಷ್ಟೇ ಚಿಕ್ಕದಾಗಿದ್ದರೂ ಈ ದೋಷವನ್ನು ತಡೆಯುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು, ಏಕೆಂದರೆ ಅದು ಇದ್ದದ್ದು ನಮ್ಮದೇ ಜಾರ್‌ನೊಳಗೆ. ಆದರೆ ಒಳನುಗ್ಗಿದವರು ಅನೇಕ ಸಲ ಮಾಡಿದ ಮುಂದಿನ ಕೆಲಸವೆಂದರೆ ಶೆಲ್ಲನ್ನು ಕರೆದು, ಕರ್ಲ್ ಅಥವಾ ಡಬ್ಲ್ಯೂಗೆಟ್ ಬಳಸಿ, ಹೊರಗಿನಿಂದ ಮತ್ತೊಂದು ಪ್ರೋಗ್ರಾಮನ್ನು ಇಳಿಸಿಕೊಳ್ಳುವುದು. ಆ ಮೂರೂ ಇಮೇಜಿನಲ್ಲಿ ಇಲ್ಲದಿದ್ದರೆ ಆ ಎರಡನೆಯ ಹೆಜ್ಜೆಯಲ್ಲೇ ಅವರು ಎಡವುತ್ತಾರೆ. ಪಳಗಿದ ಕೈಗಳಿಗೆ ಜಾವಾದಲ್ಲೇ ಬೇರೆ ದಾರಿಗಳಿವೆ ಎಂಬುದು ನಿಜವಾದರೂ, ಸಿದ್ಧ ಸ್ಕ್ರಿಪ್ಟ್ ಹಿಡಿದು ಬರುವವರ ಆಟ ಅಲ್ಲಿಗೆ ಮುಗಿಯುತ್ತದೆ.

ಬೇಡದ್ದನ್ನು ಅಳಿಸಿದರಾಯಿತಲ್ಲ ಎಂದು ತೋರಬಹುದು. ಇಮೇಜ್ ಎಂಬುದು ಒಂದರ ಮೇಲೊಂದು ಇಟ್ಟ ಪದರಗಳ ಕಟ್ಟು. ಕೆಳಗಿನ ಪದರದ ಕಡತವನ್ನು ಮೇಲಿನ ಪದರದಲ್ಲಿ ಅಳಿಸಿದಾಗ, ಅದು ಇಲ್ಲವೆಂಬ ಗುರುತು ಮಾತ್ರ ಬೀಳುತ್ತದೆ, ಕಡತ ಕೆಳಗೆ ಹಾಗೆಯೇ ಉಳಿದಿರುತ್ತದೆ. ಮರೆತು ಸೇರಿಸಿ ಆಮೇಲೆ ಅಳಿಸಿದ ಪಾಸ್‌ವರ್ಡ್ ಕೂಡ ಹೀಗೆಯೇ ಉಳಿಯುತ್ತದೆ. ಆದ್ದರಿಂದ ಕಟ್ಟುವ ಜಾಗ ಮತ್ತು ಕಳಿಸುವ ಇಮೇಜ್ ಬೇರೆಬೇರೆಯಾಗಿರಬೇಕು. 2017ರಲ್ಲಿ ಡಾಕರ್‌ಗೆ ಬಂದ ಬಹುಹಂತದ ಬಿಲ್ಡ್ ಮಾಡುವುದು ಇದನ್ನೇ: ಮೊದಲ ಹಂತದಲ್ಲಿ ಮೇವನ್ ಎಂಬ ಬಿಲ್ಡ್ ಸಾಧನ ಮತ್ತು ಕಂಪೈಲರ್ ಕೆಲಸ ಮಾಡುತ್ತವೆ, ಕೊನೆಯ ಹಂತಕ್ಕೆ ಸಿದ್ಧವಾದ ಫಲ ಮಾತ್ರ ಹೋಗುತ್ತದೆ.

ಜೆವಿಎಂ ಅನ್ನೇ ಕತ್ತರಿಸುವುದು ಇದಕ್ಕಿಂತ ಸ್ವಾರಸ್ಯದ ಕೆಲಸ. 2017ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 9, ಅಲ್ಲಿಯವರೆಗೆ ಒಂದೇ ಮುದ್ದೆಯಾಗಿದ್ದ ಜೆಡಿಕೆಯನ್ನು ಹತ್ತಾರು ಮಾಡ್ಯೂಲ್‌ಗಳಾಗಿ ಬಿಡಿಸಿತು. ನಮ್ಮ ಪ್ರೋಗ್ರಾಮ್ ಯಾವ ಮಾಡ್ಯೂಲ್‌ಗಳನ್ನು ಅವಲಂಬಿಸಿದೆ ಎಂಬುದನ್ನು ಜೆಡೆಪ್ಸ್ ಎಂಬ ಸಾಧನ ಪಟ್ಟಿ ಮಾಡುತ್ತದೆ. ಜೆಲಿಂಕ್ ಅಷ್ಟನ್ನೇ ಸೇರಿಸಿ ಹೊಸದೊಂದು ಜಾವಾ ರನ್‌ಟೈಮ್ ಕಟ್ಟಿಕೊಡುತ್ತದೆ. ಮೂಲ ಮಾಡ್ಯೂಲ್ ಒಂದೇ ಸಾಕೆನ್ನುವ ಪ್ರೋಗ್ರಾಮಿಗೆ ಅದು 40 ಎಂಬಿಯ ಆಸುಪಾಸಿಗೆ ಇಳಿಯುತ್ತದೆ.

ಜೆಡೆಪ್ಸ್ ಕೊಟ್ಟ ಪಟ್ಟಿಯನ್ನು ಮಾತ್ರ ಪೂರ್ತಿ ನಂಬಬಾರದು. ಜಾವಾ ಪ್ರೋಗ್ರಾಮ್ ತನಗೆ ಬೇಕಾದವರನ್ನೆಲ್ಲ ಕೋಡಿನಲ್ಲಿ ನೇರವಾಗಿ ಹೆಸರಿಸುವುದಿಲ್ಲ. ಓಡುತ್ತಿರುವಾಗ ‘ಈ ಸೇವೆ ಒದಗಿಸುವವರು ಯಾರಾದರೂ ಇದ್ದೀರಾ’ ಎಂದು ಕೂಗಿ ಕರೆಯುವ ಪದ್ಧತಿಯೂ ಅದಕ್ಕಿದೆ. ಆ ಕೂಗು ಜೆಡೆಪ್ಸ್‌ಗೆ ಕೇಳಿಸದು. ಜಾವಾ 17ರಂಥ ಆವೃತ್ತಿಗಳಲ್ಲಿ ಎಲಿಪ್ಟಿಕ್ ಕರ್ವ್ ಗೂಢಲಿಪಿಯ ಮಾಡ್ಯೂಲ್ ಹೀಗೆ ಬಿಟ್ಟುಹೋಗಿ, ಎಲ್ಲ ಪರೀಕ್ಷೆಗಳನ್ನೂ ದಾಟಿದ ಪ್ರೋಗ್ರಾಮ್ ಹೊರಗಿನ ಎಚ್‌ಟಿಟಿಪಿಎಸ್ ಸರ್ವರ್ ಜೊತೆ ಮಾತು ಆರಂಭಿಸುವಾಗಲೇ ಹ್ಯಾಂಡ್‌ಶೇಕ್ ವಿಫಲವೆಂದು ನಿಂತುಬಿಡುತ್ತದೆ. ಮೊದಲ ಸಲ ಇದನ್ನು ಕಂಡಾಗ ನಾನು ಅರ್ಧ ದಿನ ಫೈರ್‌ವಾಲನ್ನೇ ಶಂಕಿಸುತ್ತ ಕುಳಿತಿದ್ದೆ.

ಕನ್ನಡಿಗರಿಗೆ ತಟ್ಟುವ ಇನ್ನೊಂದು ಉದಾಹರಣೆ ಇದಕ್ಕಿಂತ ಮೆತ್ತಗಿನದು. ಅಮೆರಿಕದ ಇಂಗ್ಲಿಷ್ ಬಿಟ್ಟು ಉಳಿದ ಭಾಷೆಗಳ ತಿಂಗಳು, ವಾರ ಮತ್ತು ಅಂಕಿಗಳ ರೂಪಗಳು ಜೆಡಿಕೆಯಲ್ಲಿ ಲೊಕೇಲ್‌ಡೇಟಾ ಎಂಬ ಬೇರೆ ಮಾಡ್ಯೂಲ್‌ನಲ್ಲಿವೆ. ಇದೂ ಜೆಡೆಪ್ಸ್ ಕಣ್ಣಿಗೆ ಬೀಳುವುದಿಲ್ಲ. ರಸೀದಿಯ ಮೇಲೆ ‘ನವೆಂಬರ್’ ಎಂದು ಕನ್ನಡದಲ್ಲಿ ಅಚ್ಚಾಗುತ್ತಿದ್ದ ಜಾಗದಲ್ಲಿ ಇಮೇಜ್ ಕತ್ತರಿಸಿದ ಮರುದಿನ ಆ ಪದ ಕಾಣೆಯಾಗಿರುತ್ತದೆ, ಲಾಗ್‌ನಲ್ಲಿ ಒಂದು ದೂರೂ ಇರುವುದಿಲ್ಲ. ಆ ಮಾಡ್ಯೂಲನ್ನು ಕೈಯಾರೆ ಸೇರಿಸಿ, ಇಂಗ್ಲಿಷ್ ಮತ್ತು ಕನ್ನಡ ಮಾತ್ರ ಸಾಕು ಎಂದು ಜೆಲಿಂಕ್‌ಗೆ ಹೇಳಿದರೆ ಗಾತ್ರವೂ ಹೆಚ್ಚು ಬೆಳೆಯುವುದಿಲ್ಲ. ಚಿತ್ರದ ಮೇಲೆ ಕನ್ನಡ ಅಕ್ಷರ ಬರೆಯುವ ಪ್ರೋಗ್ರಾಮಾದರೆ ಫಾಂಟನ್ನೂ ನೆನಪಿಟ್ಟು ಇಡಬೇಕು, ಬೋಳು ಲಿನಕ್ಸ್‌ನಲ್ಲಿ ಒಂದೂ ಇರುವುದಿಲ್ಲ.

ಈ ರನ್‌ಟೈಮನ್ನು ಯಾವ ಬುನಾದಿಯ ಮೇಲೆ ಇಡಬೇಕು ಎಂಬುದಕ್ಕೆ ಎರಡು ಉತ್ತರಗಳು ಹೆಚ್ಚು ಬಳಕೆಯಲ್ಲಿವೆ. ಆಲ್ಪೈನ್ ಲಿನಕ್ಸ್ ಕೆಲವೇ ಎಂಬಿಯದು, ಆದರೆ ಅದರ ಸಿ ಲೈಬ್ರರಿ (ಪ್ರೋಗ್ರಾಮ್‌ಗಳು ಕರ್ನಲ್ ಜೊತೆ ಮಾತಾಡಲು ಬಳಸುವ ಮೂಲ ಲೈಬ್ರರಿ) ಮಸಲ್. ಡೆಬಿಯನ್‌ನಂಥವುಗಳ ಸಿ ಲೈಬ್ರರಿಯಾದ ಗ್ಲಿಬ್‌ಸಿಗೆಂದು ಕಟ್ಟಿದ, ಬೈಟ್‌ಕೋಡ್ ಅಲ್ಲದೆ ನೇರ ಯಂತ್ರಭಾಷೆಯಲ್ಲಿರುವ ನೇಟಿವ್ ಲೈಬ್ರರಿಗಳು ಅಲ್ಲಿ ಮೊಂಡು ಹಿಡಿಯುವುದುಂಟು, ಅದರಲ್ಲಿ ಶೆಲ್ಲೂ ಇದೆ. ಗೂಗಲ್‌ನ ಡಿಸ್ಟ್ರೋಲೆಸ್ ಡೆಬಿಯನ್‌ನ ಗ್ಲಿಬ್‌ಸಿಯನ್ನು ಉಳಿಸಿಕೊಂಡು ಶೆಲ್ ಮತ್ತು ಪ್ಯಾಕೇಜ್ ಸಾಧನಗಳನ್ನು ಕೈಬಿಟ್ಟಿದೆ. ನೇಟಿವ್ ಲೈಬ್ರರಿಗಳಿರುವ ಜಾವಾಕ್ಕೆ ಎರಡನೆಯದೇ ನನ್ನ ಆಯ್ಕೆ. ಎರಡರಲ್ಲಿ ಯಾವುದಾದರೂ, ಪ್ರೋಗ್ರಾಮನ್ನು ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಅಲ್ಲದ ಬಳಕೆದಾರನ ಹೆಸರಿನಲ್ಲಿ, ಬರೆಯಲಾಗದ ಕಡತವ್ಯವಸ್ಥೆಯ ಮೇಲೆ ನಡೆಸಬೇಕು. ಟಾಮ್‌ಕ್ಯಾಟ್‌ನಂಥ ಜಾವಾ ವೆಬ್ ಸರ್ವರ್‌ಗಳು ಕೇಳುವ ತಾತ್ಕಾಲಿಕ ಕಡತಕೋಶಕ್ಕೆ ಮಾತ್ರ ವಿನಾಯಿತಿ.

ಶೆಲ್ಲೇ ಇಲ್ಲದ ಕಂಟೇನರ್ ನಡುರಾತ್ರಿ ಕೆಟ್ಟರೆ ಒಳಹೋಗಿ ನೋಡುವುದು ಹೇಗೆ ಎಂಬುದು ನಿರ್ವಹಣೆಯವರ ನ್ಯಾಯವಾದ ಪ್ರಶ್ನೆ. ಅನೇಕ ಕಂಟೇನರ್‌ಗಳನ್ನು ಒಟ್ಟಿಗೆ ನಿರ್ವಹಿಸುವ ಕುಬರ್ನೆಟಿಸ್ ತಂತ್ರಾಂಶದಲ್ಲಿ 1.25ನೇ ಆವೃತ್ತಿಯಿಂದ ಸ್ಥಿರಗೊಂಡ ತಾತ್ಕಾಲಿಕ ಕಂಟೇನರ್ ಸೌಲಭ್ಯವು ಇದಕ್ಕೆ ನೆರವಾಗುತ್ತದೆ. ಸಾಧನಗಳನ್ನೆಲ್ಲ ತುಂಬಿದ ಬೇರೊಂದು ಇಮೇಜನ್ನು, ಓಡುತ್ತಿರುವ ಕಂಟೇನರ್ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಅಲ್ಲಿಂದಲೇ ಜೆವಿಎಂನ ಪ್ರಕ್ರಿಯೆಯನ್ನು ಪರೀಕ್ಷಿಸಬಹುದು. ಹಾಗೆ ಪಕ್ಕಕ್ಕೆ ಬಂದು ನಿಲ್ಲುವ ಅನುಮತಿ ಯಾರ ಕೈಯಲ್ಲಿರಬೇಕು ಎಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಿಡಬೇಕು.