ಸೆಳವು ಮಿದುಳಿನ ರಸಾಯನವನ್ನು ಬದಲಿಸುವ ಬಗೆ

ಪ್ರಯೋಗಾಲಯದ ಇಲಿಯೊಂದಕ್ಕೆ ಮೊದಲು ಲಿಥಿಯಂ, ಮರುದಿನ ಪೈಲೊಕಾರ್ಪಿನ್ ಎಂಬ ರಾಸಾಯನಿಕ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದಕ್ಕೆ ಸೆಳವು ಶುರುವಾಗುತ್ತದೆ. ಆ ಸೆಳವು ತಾನಾಗಿ ನಿಲ್ಲದೆ ತಾಸುಗಟ್ಟಲೆ ಮುಂದುವರಿಯುತ್ತದೆ. ಮನುಷ್ಯರಲ್ಲಿ ಸ್ಟೇಟಸ್ ಎಪಿಲೆಪ್ಟಿಕಸ್ ಎಂದು ವೈದ್ಯರು ಕರೆಯುವ, ಜೀವಕ್ಕೇ ಕುತ್ತು ತರಬಲ್ಲ ಸ್ಥಿತಿಗೆ ಇದು ಬಹಳ ಹತ್ತಿರದ್ದು. 1997ರಲ್ಲಿ ಅಮೆರಿಕದ ನರವಿಜ್ಞಾನಿಗಳಾದ ಜೈದೀಪ್ ಕಪೂರ್ ಮತ್ತು ರಾಬರ್ಟ್ ಮ್ಯಾಕ್‌ಡೊನಾಲ್ಡ್ ಇಂಥ ಇಲಿಗಳಿಗೆ ಸೆಳವು ನಿಲ್ಲಿಸುವ ಔಷಧವಾದ ಡಯಾಜೆಪಾಮ್ ಕೊಟ್ಟು ಪರೀಕ್ಷಿಸಿದರು. ಸೆಳವು ಆರಂಭವಾಗಿ 10 ನಿಮಿಷವಾದಾಗ ಕೊಟ್ಟರೆ ಕಡಿಮೆ ಪ್ರಮಾಣದಲ್ಲೇ ಅದು ಹತೋಟಿಗೆ ಬರುತ್ತಿತ್ತು. 45 ನಿಮಿಷ ಕಳೆದ ಮೇಲೆ ಅದೇ ಪರಿಣಾಮಕ್ಕೆ ಸುಮಾರು ಹತ್ತು ಪಟ್ಟು ಔಷಧ ಬೇಕಾಯಿತು. ಪ್ರಾಣಿ ಅದೇ, ಔಷಧವೂ ಅದೇ. ಅರ್ಧ ಗಂಟೆಗೆ ತುಸು ಮಿಕ್ಕ ಅವಧಿಯಲ್ಲಿ ಬದಲಾದದ್ದು ಮಿದುಳು.

ಮತ್ತೆ ಮತ್ತೆ ಸೆಳವು ಬರುವ ಕಾಯಿಲೆಯಾದ ಅಪಸ್ಮಾರದ ಬಗ್ಗೆ ಇಲಿಗಳು ನಮಗೆ ಕಲಿಸಿರುವ ಅತಿ ಮುಖ್ಯ ಸಂಗತಿ ಇದೇ ಎಂಬುದು ನನ್ನ ಅಭಿಪ್ರಾಯ. ಮಿದುಳಿನ ರಸಾಯನ ಏರುಪೇರಾದಾಗ ಸೆಳವು ಬರುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ನಿಜವೇ. ಆದರೆ ಬಂದ ಸೆಳವು ತಾನೂ ಆ ರಸಾಯನವನ್ನು ತಿದ್ದುತ್ತದೆ, ಕೆಲವೊಮ್ಮೆ ನಿಮಿಷಗಳಲ್ಲಿ, ಕೆಲವೊಮ್ಮೆ ವಾರಗಳಲ್ಲಿ. ಮುಂದಿನ ಸೆಳವು ಹಾಗೆ ತಿದ್ದಲ್ಪಟ್ಟ ಮಿದುಳಿನಲ್ಲಿ ಹುಟ್ಟುತ್ತದೆ.

ಮೊದಲು ಎರಡು ರಾಸಾಯನಿಕಗಳ ಪರಿಚಯ ಅಗತ್ಯ. ಒಂದು ನರಕೋಶ ಇನ್ನೊಂದನ್ನು ಉದ್ರೇಕಿಸಲು ಬಹುಮಟ್ಟಿಗೆ ಬಳಸುವುದು ಗ್ಲುಟಮೇಟನ್ನು, ತಣಿಸಲು ಬಳಸುವುದು ಗಾಬಾ ಎಂಬ ವಸ್ತುವನ್ನು. ಗಾಬಾ ಮಿದುಳಿನಲ್ಲಿದೆ ಎಂದು ಯೂಜೀನ್ ರಾಬರ್ಟ್ಸ್ ಮತ್ತು ಸ್ಯಾಮ್ ಫ್ರಾಂಕೆಲ್ ತೋರಿಸಿದ್ದು 1950ರಲ್ಲಿ. ಅವರಿಗೆ ಅದು ಸಿಕ್ಕಿದ್ದೂ ಚಿಟ್ಟಿಲಿಯ ಮಿದುಳಿನಲ್ಲೇ. ಇದರಲ್ಲಿ ಬೆರಗಾಗುವಂಥ ವಿಷಯವೊಂದಿದೆ. ತಣಿಸುವ ಗಾಬಾ ತಯಾರಾಗುವುದು ಉದ್ರೇಕಿಸುವ ಗ್ಲುಟಮೇಟಿನಿಂದಲೇ, ಒಂದೇ ಒಂದು ಕಿಣ್ವದ ಮೂಲಕ, ಮತ್ತು ಆ ಕಿಣ್ವ ಕೆಲಸ ಮಾಡಲು ಬಿ6 ಜೀವಸತ್ವ ಬೇಕೇಬೇಕು. 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಡಬ್ಬಿ ಹಾಲು ಕುಡಿಯುತ್ತಿದ್ದ ಹಲವು ಹಸುಗೂಸುಗಳಿಗೆ ಕಾರಣ ತಿಳಿಯದ ಸೆಳವು ಕಾಣಿಸಿಕೊಂಡಿತ್ತು. ತಯಾರಿಕೆಯ ಹಂತದ ಕಾವಿನಲ್ಲಿ ಆ ಹಾಲಿನ ಬಿ6 ನಾಶವಾಗಿತ್ತು. ಜೀವಸತ್ವವನ್ನು ಕೊಟ್ಟ ಕೂಡಲೇ ಮಕ್ಕಳು ಚೇತರಿಸಿಕೊಂಡವು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮಿತಿಮೀರಿ ಹೊಟ್ಟೆ ಸೇರಿದಾಗ ಬರುವ ಸೆಳವಿಗೂ ಮೂಲ ಇಲ್ಲೇ ಇದೆ, ಮತ್ತು ಅದಕ್ಕೂ ಬಿ6 ಮದ್ದು.

ಮತ್ತೆ ಆ ಇಲಿಗಳ ಕಡೆಗೆ ಬರೋಣ. ಗಾಬಾ ಕೆಲಸ ಮಾಡುವುದು ನರಕೋಶದ ಹೊರಪೊರೆಯಲ್ಲಿರುವ ಗ್ರಾಹಕಗಳ ಮೂಲಕ. ಗಾಬಾ ಬಂದು ಕೂತಾಗ ಗ್ರಾಹಕದ ನಡುವಿನ ನಾಳ ತೆರೆದು ಕ್ಲೋರೈಡ್ ಅಯಾನುಗಳು ಒಳಹೊಗುತ್ತವೆ, ಕೋಶ ಸುಮ್ಮನಾಗುತ್ತದೆ. ಡಯಾಜೆಪಾಮ್ ಇದೇ ಗ್ರಾಹಕಕ್ಕೆ ಅಂಟಿ ಗಾಬಾದ ಪರಿಣಾಮವನ್ನು ಹೆಚ್ಚಿಸುತ್ತದೆ. 2005ರಲ್ಲಿ ಡೇವಿಡ್ ನೇಲರ್, ಕ್ಲಾಡ್ ವಾಸ್ಟರ್ಲೈನ್ ಮತ್ತು ಸಂಗಡಿಗರು ಒಂದು ತಾಸು ಸೆಳವಿನಲ್ಲಿದ್ದ ಇಲಿಗಳ ಮಿದುಳಿನ ಹಿಪೊಕ್ಯಾಂಪಸ್ ಭಾಗವನ್ನು ಪರೀಕ್ಷಿಸಿದಾಗ, ನರಕೋಶಗಳ ಸಂಧಿಸ್ಥಾನಗಳಲ್ಲಿ ಕೆಲಸಕ್ಕೆ ಲಭ್ಯವಿದ್ದ ಗಾಬಾ ಗ್ರಾಹಕಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಅವು ನಾಶವಾಗಿರಲಿಲ್ಲ, ಕೋಶ ಅವನ್ನು ಪೊರೆಯಿಂದ ಒಳಗೆ ಎಳೆದುಕೊಂಡಿತ್ತು. ಇದಕ್ಕೆ ತದ್ವಿರುದ್ಧವಾಗಿ ಗ್ಲುಟಮೇಟಿಗೆ ಸ್ಪಂದಿಸುವ ಎನ್‌ಎಂಡಿಎ ಗ್ರಾಹಕಗಳು ಹೊರಪೊರೆಯಲ್ಲಿ ಹೆಚ್ಚುತ್ತವೆ ಎಂಬುದೂ ಮುಂದಿನ ಅಧ್ಯಯನಗಳಲ್ಲಿ ತಿಳಿದುಬಂತು. ತಡವಾಗಿ ಬಂದ ಡಯಾಜೆಪಾಮಿಗೆ ಅಂಟಿಕೊಳ್ಳಲು ಸಾಕಷ್ಟು ಜಾಗವೇ ಉಳಿದಿರುವುದಿಲ್ಲ.

ಈ ತಿಳಿವಳಿಕೆಗೂ ಆಸ್ಪತ್ರೆಯ ನಡಾವಳಿಗೂ ನೇರ ಸಂಬಂಧವಿದೆ. ಮೈಯೆಲ್ಲ ಸೆಟೆದು ಅದುರುವ ಸೆಳವು 5 ನಿಮಿಷ ದಾಟಿದರೆ ತಾನಾಗಿ ನಿಲ್ಲುತ್ತದೆಂದು ಕಾಯದೆ ತುರ್ತು ಚಿಕಿತ್ಸೆ ಆರಂಭಿಸಬೇಕು ಎಂದು ಅಪಸ್ಮಾರ ತಜ್ಞರ ಅಂತರರಾಷ್ಟ್ರೀಯ ಸಂಘಟನೆ 2015ರಲ್ಲಿ ಹೇಳಿತು. ಮೂಗಿಗೆ ಸಿಂಪಡಿಸುವ, ಡಯಾಜೆಪಾಮಿನ ಬಗೆಯದೇ ಔಷಧವಾದ ಮಿಡಾಜೊಲಾಮ್ ಅನ್ನು ಮನೆಯಲ್ಲೇ ಇಟ್ಟುಕೊಳ್ಳಲು ವೈದ್ಯರು ಕೆಲವು ಕುಟುಂಬಗಳಿಗೆ ಸಲಹೆ ಮಾಡುವುದೂ ಇದೇ ಕಾರಣಕ್ಕೆ. ನಮ್ಮಲ್ಲಿ ಇಂದಿಗೂ ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕಲು ಜನ ಓಡಾಡುತ್ತಾರೆ. ಆ ಹೊತ್ತಿನಲ್ಲಿ ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿಕೊಂಡು, 5 ನಿಮಿಷ ಆಗುವುದರೊಳಗೆ ವಾಹನ ಕರೆಸುವುದು ಎಷ್ಟೋ ಹೆಚ್ಚಿನ ಉಪಕಾರ.

ವಾರಗಳ ಅಳತೆಯಲ್ಲಿ ನಡೆಯುವ ಬದಲಾವಣೆ ಇನ್ನೊಂದು ಬಗೆಯದು. ಕೆನಡಾದಲ್ಲಿ ಗ್ರಹಾಂ ಗೊಡಾರ್ಡ್ ಇಲಿಗಳ ಕಲಿಕೆಯನ್ನು ಅಧ್ಯಯನ ಮಾಡಲು ಅವುಗಳ ಮಿದುಳಿನ ಅಮಿಗ್ಡಲಾ ಭಾಗಕ್ಕೆ ತೆಳುವಾದ ತಂತಿ ಇಳಿಸಿ, ಪ್ರತಿದಿನ ಅತಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಿದ್ದರು. ಮೊದಲ ದಿನಗಳಲ್ಲಿ ಇಲಿಗಳಿಗೆ ಏನೂ ಆಗುತ್ತಿರಲಿಲ್ಲ. ವಿದ್ಯುತ್ತಿನ ಪ್ರಮಾಣವನ್ನು ಒಂದಿಷ್ಟೂ ಹೆಚ್ಚಿಸದಿದ್ದರೂ ದಿನಗಳುರುಳಿದಂತೆ ಅವೇ ಇಲಿಗಳಿಗೆ ಸೆಳವು ಬರತೊಡಗಿತು. 1967ರಲ್ಲಿ ಪ್ರಕಟವಾದ ಈ ವಿದ್ಯಮಾನಕ್ಕೆ ಕಿಂಡ್ಲಿಂಗ್ ಎಂಬ ಹೆಸರು ನಿಂತಿತು. ಇದರ ಏರಿಕೆಯನ್ನು ಅಳೆಯಲು ರೊನಾಲ್ಡ್ ರೇಸಿನ್ 1972ರಲ್ಲಿ ಕೊಟ್ಟ ಐದು ಮೆಟ್ಟಿಲುಗಳ ಮಾಪನವನ್ನು ಇಂದಿಗೂ ಬಳಸುತ್ತಾರೆ. ಮೊದಲ ಮೆಟ್ಟಿಲಿನಲ್ಲಿ ಇಲಿ ಏನನ್ನೋ ಅಗಿಯುವಂತೆ ಬಾಯಿ ಆಡಿಸುತ್ತದೆ. ಆಮೇಲೆ ತಲೆ ಮೇಲೆ ಕೆಳಗೆ ತೂಗತೊಡಗುತ್ತದೆ. ಮೂರನೆಯದರಲ್ಲಿ ಮುಂಗಾಲು ಅದುರುತ್ತದೆ. ನಾಲ್ಕನೆಯದರಲ್ಲಿ ಹಿಂಗಾಲುಗಳ ಮೇಲೆ ಎದ್ದು ನಿಲ್ಲುತ್ತದೆ. ಐದನೆಯದರಲ್ಲಿ ನಿಂತಲ್ಲಿಂದಲೇ ಆಯತಪ್ಪಿ ಉರುಳುತ್ತದೆ. ಹೀಗಾದ ಇಲಿಯನ್ನು ತಿಂಗಳುಗಟ್ಟಲೆ ಬಿಟ್ಟು ಮತ್ತೆ ಅದೇ ಅಲ್ಪ ವಿದ್ಯುತ್ ಹರಿಸಿದರೂ ಸೆಳವು ಮರುಕಳಿಸುತ್ತದೆ, ಅಂದರೆ ಬದಲಾವಣೆ ಆ ಮಿದುಳಿನಲ್ಲಿ ನೆಲೆಯೂರಿದೆ.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಮಾತ್ರ ಸೆಳವು ಬರುವ ಬಿಸಿನೀರಿನ ಅಪಸ್ಮಾರ ಜಗತ್ತಿನ ಬೇರೆಡೆ ಅಪರೂಪ. ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಅದು ನರರೋಗ ವೈದ್ಯರಿಗೆ ಚಿರಪರಿಚಿತ. ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬಿನಲ್ಲಿ ತೆಗೆದು ನೆತ್ತಿಯ ಮೇಲೆ ಬಿಡುವಿಲ್ಲದೆ ಸುರಿದುಕೊಳ್ಳುವ ನಮ್ಮ ತಲೆಸ್ನಾನದ ಕ್ರಮಕ್ಕೂ ಇದಕ್ಕೂ ನಂಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ, ಡಾ. ಎಸ್.ಕೆ. ಶಂಕರ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ಇಲಿಗಳ ತಲೆಯ ಮೇಲೆ ಬಿಸಿನೀರು ಹಾಯಿಸಿ, ಮೈಯ ಉಷ್ಣತೆಯನ್ನೂ ಮಿದುಳಿನ ವಿದ್ಯುತ್ ಅಲೆಗಳನ್ನೂ ಒಟ್ಟಿಗೆ ದಾಖಲಿಸಿ, ಈ ಕಾಯಿಲೆಯ ಪ್ರಾಣಿ ಮಾದರಿಯೊಂದನ್ನು ರೂಪಿಸಿದರು. ಮತ್ತೆ ಮತ್ತೆ ಹಾಗೆ ಮಾಡಿದಾಗ ಮೊದಲಿಗಿಂತ ಕಡಿಮೆ ಉಷ್ಣತೆಯಲ್ಲೇ ಸೆಳವು ಆರಂಭವಾಗುತ್ತಿತ್ತು, ಹೆಚ್ಚು ಹೊತ್ತು ಇರುತ್ತಿತ್ತು. ಆ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ನರತಂತುಗಳು ಹೊಸದಾಗಿ ಕವಲೊಡೆದಿದ್ದವೆಂದು 2006ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಗೊಡಾರ್ಡರ ತಂತಿಯಿಂದಾದ ಬಗೆಯ ಬದಲಾವಣೆ ಇಲ್ಲಿ ಸ್ನಾನದ ನೀರಿನಿಂದ ಆಗಿತ್ತು.

ಇದೇ ಎಳೆ ಇನ್ನೊಂದು ದಾರಿಯಲ್ಲಿ ಮತ್ತೆ ಗ್ಲುಟಮೇಟಿಗೆ ಬಂದು ಸೇರುತ್ತದೆ. ಬಿಸಿನೀರಿನ ಅಪಸ್ಮಾರ ಹಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವುದರಿಂದ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ವೈದ್ಯರ ಜತೆಗೂಡಿ ಅದರ ಜೀನುಗಳನ್ನು ಹುಡುಕಿತು. ಎಸ್‌ಎಲ್‌ಸಿ1ಎ1 ಎಂಬ ಜೀನಿನಲ್ಲಿ ಅಪರೂಪದ ಮಾರ್ಪಾಡುಗಳು ಕೆಲವು ರೋಗಿಗಳಲ್ಲಿವೆ ಎಂದು 2017ರಲ್ಲಿ ವರದಿ ಮಾಡಿತು. ಕೋಶದ ಹೊರಗಿರುವ ಗ್ಲುಟಮೇಟನ್ನು ನರಕೋಶದೊಳಕ್ಕೆ ಸಾಗಿಸುವ ಪ್ರೋಟೀನನ್ನು ರೂಪಿಸುವುದು ಈ ಜೀನು. ಅದಕ್ಕೂ 15 ವರ್ಷ ಮೊದಲು, ಅಮೆರಿಕದ ಜೆಫ್ರಿ ರಾತ್‌ಸ್ಟೀನ್ ಅವರ ಪ್ರಯೋಗಾಲಯದಲ್ಲಿ ಇಲಿಗಳಲ್ಲಿ ಇದೇ ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸಿದಾಗ ಅವುಗಳಿಗೆ ಸೆಳವು ಬಂದಿತ್ತು. ಗ್ಲುಟಮೇಟ್ ಹೊರಗೆ ಉಕ್ಕಿದ್ದರಿಂದ ಹೀಗಾಯಿತೆಂದು ಯಾರಾದರೂ ಊಹಿಸುವಂತಿತ್ತು. ಆದರೆ ಎದ್ದುಕಂಡದ್ದು ಬೇರೆ: ಕಚ್ಚಾವಸ್ತುವಾದ ಗ್ಲುಟಮೇಟ್ ಒಳಗೆ ಬಾರದೆ ಹಿಪೊಕ್ಯಾಂಪಸ್‌ನ ಗಾಬಾ ಸುಮಾರು ಅರ್ಧಕ್ಕೆ ಕುಸಿದಿತ್ತು. ಅಪಸ್ಮಾರ ಸಂಶೋಧನೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಫಲಿತಾಂಶಗಳಲ್ಲಿ ಇದೊಂದು.

ಬದಲಾದ ಮಿದುಳಿಗೆ ಬೇರೆಯೇ ಔಷಧ ಬೇಕಾಗಬಹುದೆ? ಲೆವೆಟಿರಾಸಿಟಾಮ್ ಎಂಬ ಅಪಸ್ಮಾರದ ಔಷಧದ ಚರಿತ್ರೆ ಹೌದು ಎನ್ನುತ್ತದೆ. ದಶಕಗಳ ಕಾಲ ಹೊಸ ಔಷಧಗಳ ಮೊದಲ ಪರೀಕ್ಷೆ ನಡೆಯುತ್ತಿದ್ದುದು ಆರೋಗ್ಯವಂತ ಇಲಿ, ಚಿಟ್ಟಿಲಿಗಳ ಮೇಲೆ: ಅವುಗಳಿಗೆ ವಿದ್ಯುದಾಘಾತದಿಂದಲೋ ಪೆಂಟಿಲೀನ್‌ಟೆಟ್ರಜೋಲ್ ಎಂಬ ರಾಸಾಯನಿಕದಿಂದಲೋ ಒಮ್ಮೆ ಸೆಳವು ಬರಿಸಿ, ಔಷಧ ಅದನ್ನು ತಡೆಯುತ್ತದೆಯೇ ಎಂದು ನೋಡುತ್ತಿದ್ದರು. ಈ ಎರಡೂ ಪರೀಕ್ಷೆಗಳಲ್ಲಿ ಲೆವೆಟಿರಾಸಿಟಾಮ್ ಸೋತಿತು. ಆದರೆ ಕಿಂಡ್ಲಿಂಗ್‌ಗೆ ಒಳಗಾದ ಪ್ರಾಣಿಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಮಾತ್ರೆ ಇಂದು ನಮ್ಮ ತಾಲ್ಲೂಕು ಕೇಂದ್ರಗಳ ಔಷಧದಂಗಡಿಗಳಲ್ಲೂ ದೊರೆಯುತ್ತದೆ. ಗ್ಲುಟಮೇಟ್, ಗಾಬಾದಂಥ ನರವಾಹಕಗಳನ್ನು ತುಂಬಿಕೊಂಡಿರುವ ಸೂಕ್ಷ್ಮ ಕೋಶಿಕೆಗಳ ಮೇಲಿನ ಎಸ್‌ವಿ2ಎ ಪ್ರೋಟೀನಿಗೆ ಅದು ಅಂಟುತ್ತದೆಂದು ತಿಳಿದದ್ದು 2004ರಲ್ಲಿ, ರೋಗಿಗಳು ಅದನ್ನು ನುಂಗತೊಡಗಿ ವರ್ಷಗಳಾದ ಮೇಲೆ. ಹಳೆಯ ಪರೀಕ್ಷೆಗಳನ್ನಷ್ಟೇ ನೆಚ್ಚಿಕೊಂಡಿದ್ದರೆ ಲಕ್ಷಾಂತರ ಜನರಿಗೆ ಆಸರೆಯಾದ ಮದ್ದು ಕಪಾಟಿನಲ್ಲೇ ಉಳಿಯುತ್ತಿತ್ತು.

ಹಾಗೆಂದು ಗಾಬಾವನ್ನು ಹೆಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದುಕೊಳ್ಳುವಂತಿಲ್ಲ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಬೆಳೆಸಿದ ಇಲಿಗಳ ತಳಿಯೊಂದಕ್ಕೆ ಹುಟ್ಟಿನಿಂದಲೇ ಆಬ್ಸೆನ್ಸ್ ಸೆಳವಿನ ಒಲವಿದೆ. ಕೆಲವು ಕ್ಷಣ ಅದು ಚಲನೆ ನಿಲ್ಲಿಸಿ ಎತ್ತಲೋ ದಿಟ್ಟಿಸುತ್ತದೆ, ಪಾಠದ ನಡುವೆ ಶೂನ್ಯವನ್ನು ನೋಡುತ್ತಾ ಕುಳಿತುಬಿಡುವ ಮಕ್ಕಳಲ್ಲಿ ಕಾಣುವ ಹಾಗೆಯೇ. ಗಾಬಾ ಒಡೆಯದಂತೆ ತಡೆದು ಅದರ ಮಟ್ಟ ಏರಿಸುವ ವಿಗಾಬಾಟ್ರಿನ್ ಎಂಬ ಔಷಧ ಈ ಇಲಿಗಳ ಸೆಳವನ್ನು ಹೆಚ್ಚಿಸುತ್ತದೆ. ಎಳೆಯ ಇಲಿಮರಿಗಳಲ್ಲಂತೂ ನರಕೋಶದೊಳಗೆ ಕ್ಲೋರೈಡ್ ಹೆಚ್ಚಿರುವುದರಿಂದ ಗಾಬಾ ತಣಿಸುವ ಬದಲು ಕೆರಳಿಸಬಲ್ಲದು. ಈ ಕ್ಲೋರೈಡನ್ನು ತಗ್ಗಿಸುವ ಬುಮೆಟನೈಡ್ ಎಂಬ ಔಷಧ ಇಲಿಮರಿಗಳಲ್ಲಿ ಆಸೆ ಹುಟ್ಟಿಸಿತ್ತು. ಯುರೋಪಿನಲ್ಲಿ ನವಜಾತ ಶಿಶುಗಳಿಗೆ ಕೊಟ್ಟು ನೋಡಿದಾಗ ಅದರಿಂದ ಸೆಳವು ನಿರೀಕ್ಷೆಯಂತೆ ಇಳಿಯಲಿಲ್ಲ, ಕೆಲವು ಮಕ್ಕಳ ಶ್ರವಣಶಕ್ತಿ ಕುಂದಿತು, ಪ್ರಯೋಗವನ್ನು ನಡುವಿನಲ್ಲೇ ನಿಲ್ಲಿಸಬೇಕಾಯಿತು. ಇಲಿಯ ಮಿದುಳಿನಿಂದ ಮಗುವಿನ ಮಿದುಳಿಗೆ ಹೋಗುವ ದಾರಿಯಲ್ಲಿ ಇಂಥ ನಷ್ಟಗಳೂ ಇವೆ.

ಉಳಿದಿರುವ ದೊಡ್ಡ ಕೆಲಸ, ಅಪಸ್ಮಾರ ಹುಟ್ಟುವುದನ್ನೇ ತಡೆಯುವುದು. ಪೈಲೊಕಾರ್ಪಿನ್‌ನ ದೀರ್ಘ ಸೆಳವಿನಿಂದ ಬದುಕುಳಿದ ಇಲಿ ಕೆಲವು ದಿನಗಳಿಂದ ವಾರಗಳವರೆಗೆ ಮೇಲ್ನೋಟಕ್ಕೆ ಆರೋಗ್ಯವಾಗಿರುತ್ತದೆ, ತಿನ್ನುತ್ತದೆ, ಮಲಗುತ್ತದೆ. ಅನಂತರ ಯಾರೂ ಏನೂ ಕೊಡದಿದ್ದರೂ ತಾನಾಗಿ ಸೆಳವು ಬರತೊಡಗಿ ಜೀವನಪರ್ಯಂತ ಉಳಿಯುತ್ತದೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮನುಷ್ಯರಲ್ಲೂ ಇಂಥದೇ ನಿಶ್ಶಬ್ದ ಅವಧಿ ತಿಂಗಳುಗಳೋ ವರ್ಷಗಳೋ ಇರಬಹುದು. ಪೆಟ್ಟಿನ ಬಳಿಕ ಫೆನಿಟಾಯಿನ್ ಎಂಬ ಸೆಳವಿನ ಔಷಧ ಕೊಟ್ಟರೆ ಮೊದಲ ವಾರದ ಸೆಳವು ಕಡಿಮೆಯಾಗುತ್ತದೆ, ಮುಂದೆ ಬರುವ ಅಪಸ್ಮಾರ ಕಡಿಮೆಯಾಗುವುದಿಲ್ಲ ಎಂದು 1990ರಲ್ಲಿ ನ್ಯಾನ್ಸಿ ಟೆಮ್ಕಿನ್ ಮತ್ತು ಸಂಗಡಿಗರ ಅಧ್ಯಯನ ಸ್ಪಷ್ಟಪಡಿಸಿತು. ಆ ಅವಧಿಯಲ್ಲಿ ಮಿದುಳಿನೊಳಗೆ ನಡೆಯುವುದನ್ನು ಹಿಡಿಯಲು ಪ್ರಯೋಗಾಲಯಗಳು ಇಲಿಗಳನ್ನು ಹಗಲಿರುಳೂ ಕ್ಯಾಮೆರಾದ ಎದುರಿಟ್ಟು, ಅವುಗಳ ಮಿದುಳಿನ ಅಲೆಗಳನ್ನು ಬಿಡದೆ ದಾಖಲಿಸುತ್ತವೆ. ಇಲಿಯ ಸೆಳವುಗಳು ಹಲವು ದಿನ ಒಂದೂ ಬಾರದೆ ಆಮೇಲೆ ಗುಂಪುಗುಂಪಾಗಿ ಬರುವುದುಂಟು. ಆದ್ದರಿಂದ ಒಂದು ವಾರ ಸೆಳವಿಲ್ಲದೆ ಕಳೆದ ಇಲಿಯನ್ನು ತೋರಿಸಿ ಔಷಧ ಫಲಿಸಿತು ಎನ್ನಲಾಗುವುದಿಲ್ಲ, ದಾಖಲೆಯನ್ನು ಇನ್ನೂ ಹಲವು ವಾರ ಮುಂದುವರಿಸಬೇಕಾಗುತ್ತದೆ.